ಹೊಟ್ಟೆ ಸೀಳದ ‘ದ’

ಅತಿಥಿ ಉಪನ್ಯಾಸಕ ಹುದ್ದೆಗೆ ನಾನು ಕೊಟ್ಟ ಅರ್ಜಿಯಲ್ಲಿ ‘ಅಧ್ಯಯನ’ ಹೋಗಿ ‘ಅದ್ಯಯನ’ ಆಗಿತ್ತು. ಸಂದರ್ಶನ ಮಾಡಿದವರು ಅದಕ್ಕೆ ಕೆಂಪು ಸುತ್ತು ಹಾಕಿ, “ಕನ್ನಡದಲ್ಲೇ ಪಿಎಚ್.ಡಿ.ನಾ?” ಎಂದರು. ಕೆಲಸ ಸಿಗಲಿಲ್ಲ.

ಹೆಚ್ಚಿನ ಕನ್ನಡಿಗರ ಆಡುಮಾತಿನಲ್ಲಿ ಮಹಾಪ್ರಾಣವಿಲ್ಲ, ಬರಹಕ್ಕೂ ಬೇಡ ಎಂದು ವಾದಿಸಿದ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ತಮ್ಮ ಹೆಸರನ್ನೂ ‘ಬಟ್’ ಎಂದೇ ಬರೆದರು. ಆ ವಾದ ನನ್ನ ಪ್ರಬಂಧದಲ್ಲೇ ಇದೆ. ಅಂದು ಅದನ್ನು ಹೇಳಲು ಬಾಯಿ ಬರಲಿಲ್ಲ.

ಅವ್ವ ತನ್ನ ಹೆಸರನ್ನು ‘ಬಾಗ್ಯಮ್ಮ’ ಎಂದು ಬರೆಯುತ್ತಾಳೆ. ಅವಳ ನಾಲಿಗೆ ಹೇಳುವುದೂ ಅದನ್ನೇ. ಭಟ್ಟರದು ವಿಚಾರ. ನನ್ನದು ರಾತ್ರಿ ಹನ್ನೆರಡರ ಅವಸರ. ಕನ್ನಡ ಕಲಿಸುತ್ತೇನೆ ಎಂದು ಅರ್ಜಿ ಹಾಕಿದವನಿಗೆ ಆ ಸುತ್ತು ಸರಿಯಾಗಿಯೇ ಬಿತ್ತು.

ಗಟ್ಟಿಯಾಗಿ ಓದಿದರೆ ಇಂಥ ತಪ್ಪು ನನ್ನ ಕಿವಿಗೂ ಕೇಳಿಸದು. ಈಗ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದುತ್ತೇನೆ.