ನೆಂಟರ ಪಾಸು

ಪರಿಸರ ಸಮ್ಮೇಳನವನ್ನು ಅಳೆಯಲು ಅದರ ನಿರ್ಣಯಪತ್ರ ಓದಬೇಕೆಂದು ತಿಳಿದವರು ಹೇಳುತ್ತಾರೆ. ಅದನ್ನು ಕೊನೆತನಕ ಓದುವ ತಾಳ್ಮೆ ಎಷ್ಟು ಜನಕ್ಕಿದೆಯೋ ಕಾಣೆ. ಅದಕ್ಕಿಂತ ಸುಲಭದ ಅಳತೆಗೋಲು ಒಂದಿದೆ: ಬಂದ ನೆಂಟರು ಆ ಊರಲ್ಲಿ ಹೇಗೆ ಓಡಾಡಿದರು, ಅವರು ಹೋದ ಮೇಲೆ ಊರಿನವರ ಓಡಾಟ ಏನಾಯಿತು? 2021ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಶ್ವಸಂಸ್ಥೆಯ 26ನೆಯ ಹವಾಮಾನ ಸಮ್ಮೇಳನ ನಡೆದಾಗ ಪ್ರತಿನಿಧಿಗಳಿಗೆಲ್ಲ ಒಂದು ಕಾರ್ಡು ಕೊಟ್ಟರು. ರೈಲು, ಬಸ್ಸು, ಸಬ್‌ವೇ (ಸುರಂಗ ರೈಲು) ಮೂರಕ್ಕೂ ಅದೊಂದೇ, ಅದೂ ಪುಕ್ಕಟೆ. ನನಗೆ ಪುಕ್ಕಟೆ ಎಂಬುದಕ್ಕಿಂತ ‘ಒಂದೇ’ ಎಂಬುದು ದೊಡ್ಡದಾಗಿ ಕಾಣುತ್ತದೆ. 1986ರಲ್ಲಿ ಲಂಡನ್ ಬಿಟ್ಟು ಉಳಿದ ಬ್ರಿಟನ್ನಿನ ಬಸ್ಸುಗಳನ್ನು ಪೈಪೋಟಿಗೆ ಬಿಟ್ಟ ಮೇಲೆ, ಒಂದು ಕಂಪನಿಯ ಟಿಕೆಟ್ಟಿಗೆ ಇನ್ನೊಂದರ ಬಸ್ಸಿನಲ್ಲಿ ಸಾಮಾನ್ಯವಾಗಿ ಬೆಲೆಯಿಲ್ಲ. ಬೆಂಗಳೂರಿನಲ್ಲಿ ಮೆಟ್ರೊ ಇಳಿದು ಬಸ್ಸು ಹತ್ತುವವರಿಗೆ ಈ ಗೋಳನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಗಟ್ಟಲೆ ಆಗದ ಜೋಡಣೆ ಗ್ಲಾಸ್ಗೋದಲ್ಲಿ ಎರಡು ವಾರದ ಮಟ್ಟಿಗೆ ಆಗಿಹೋಯಿತು. ಮನಸ್ಸಿದ್ದರೆ ಮಾರ್ಗ ಎಂಬ ಗಾದೆಗೆ ಇಷ್ಟು ಅಕ್ಷರಶಃ ಪುರಾವೆ ಸಿಗುವುದು ಅಪರೂಪ.

ಸಭೆ ಸೇರಿದ್ದು ಕ್ಲೈಡ್ ನದಿಯ ದಂಡೆಯಲ್ಲಿ, ಹಿಂದೆ ಕ್ವೀನ್ಸ್ ಡಾಕ್ ಎಂಬ ಹಡಗುಕಟ್ಟೆ ಇದ್ದಲ್ಲಿ. ಹಡಗು ಬರುವುದು ನಿಂತ ಮೇಲೆ ಹಳೆಯ ಕಟ್ಟಡಗಳ ಕಲ್ಲುಮಣ್ಣು ತುಂಬಿ ನೆಲ ಮಾಡಿ, 1985ರಲ್ಲಿ ಪ್ರದರ್ಶನ ಭವನ ತೆರೆದರು. ಊರಿನ ಸಬ್‌ವೇ ಇನ್ನೂ ಹಿರಿಯದು, 1896ರದ್ದು. 15 ನಿಲ್ದಾಣಗಳ ಒಂದೇ ಬಳೆ. ಸುತ್ತಿ ಬರಲು 24 ನಿಮಿಷ. ಇಳಿಯಲು ಮರೆತವರು ಗಾಬರಿಪಡಬೇಕಿಲ್ಲ, ಸುಮ್ಮನೆ ಕೂತಿದ್ದರೆ ಅದೇ ನಿಲ್ದಾಣ ಮತ್ತೆ ಬರುತ್ತದೆ. (ಹವಾಮಾನ ಸಭೆಗಳೂ ಹೀಗೇ ಎನ್ನುವ ಕುಹಕಿಗಳಿದ್ದಾರೆ.) 1935ರವರೆಗೆ ಅದರ ಡಬ್ಬಿಗಳು ಸುರಂಗದಲ್ಲಿ ಓಡುತ್ತಲೇ ಇದ್ದ ಉಕ್ಕಿನ ಹಗ್ಗವನ್ನು ಕಚ್ಚಿ ಹಿಡಿದು ಸಾಗುತ್ತಿದ್ದವು, ಹಗ್ಗವನ್ನು ಎಳೆಯುತ್ತಿದ್ದದ್ದು ಉಗಿಯಂತ್ರ. ಉಗಿಯಂತ್ರವನ್ನು ಸುಧಾರಿಸುವ ಉಪಾಯ ಜೇಮ್ಸ್ ವಾಟ್‌ಗೆ 1765ರಲ್ಲಿ ಹೊಳೆದದ್ದು ಇದೇ ಊರಿನ ಗ್ಲಾಸ್ಗೋ ಗ್ರೀನ್ ಬಯಲಲ್ಲಿ ಕಾಲಾಡಿಸುತ್ತಿದ್ದಾಗ. ಕಲ್ಲಿದ್ದಲನ್ನು ಉಳಿಸಿದ ಆ ಉಪಾಯವೇ ಕಲ್ಲಿದ್ದಲಿನ ಒಲೆಯನ್ನು ಜಗತ್ತಿಗೆಲ್ಲ ಹಬ್ಬಿಸಿತು. 256 ವರ್ಷಗಳ ಮೇಲೆ ಅದೇ ಊರಲ್ಲಿ ಕಲ್ಲಿದ್ದಲಿನ ಬಳಕೆಯನ್ನು ‘ಕೊನೆಗಾಣಿಸಬೇಕೋ’, ‘ತಗ್ಗಿಸಬೇಕೋ’ ಎಂದು ಕಡೆಯ ಗಳಿಗೆಯವರೆಗೂ ಜಗ್ಗಾಟ ನಡೆದು, ಭಾರತದ ಪಟ್ಟಿನಿಂದ ‘ತಗ್ಗಿಸುವುದು’ ಉಳಿಯಿತು. ಒಳಗಿನ ಚರ್ಚೆಗೂ ಹೊರಗಿನ ಗಾಲಿಗೂ ನಂಟು ಇಷ್ಟು ಹಳೆಯದು.

ಆಕಾಶದಲ್ಲಿ ಅಷ್ಟು ಹೊಗೆ ಬಿಟ್ಟು ಬಂದವರು ನೆಲದ ಮೇಲೆ ಬಸ್ಸು ಹತ್ತಿದರೆಷ್ಟು, ಬಿಟ್ಟರೆಷ್ಟು ಎಂಬ ಆಕ್ಷೇಪ ಇದ್ದದ್ದೇ. ಲೆಕ್ಕ ಸರಿ, ಸಮ್ಮೇಳನದ ಹೊಗೆಯಲ್ಲಿ ವಿಮಾನಗಳದ್ದೇ ಸಿಂಹಪಾಲು. ಆದರೆ ವಿಮಾನ ಹಾರಿಹೋಗುತ್ತದೆ, ಬಸ್ಸಿನ ವ್ಯವಸ್ಥೆ ಊರಲ್ಲಿ ಉಳಿಯುತ್ತದೆ. ಭದ್ರತೆಯ ಮಾತನ್ನೂ ತೆಗೆಯುತ್ತಾರೆ. ರಾಷ್ಟ್ರನಾಯಕರನ್ನು ಸಬ್‌ವೇಯಲ್ಲಿ ನೂಕುನುಗ್ಗಲಿಗೆ ಬಿಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಅವರ ಶೃಂಗಸಭೆ ಎರಡೇ ದಿನದ್ದು, ಉಳಿದವರು ಸಾವಿರಾರು. ಹಾಗೆ ನೋಡಿದರೆ ಭದ್ರತೆಯ ಏರ್ಪಾಡೇ ಒಬ್ಬ ಸಚಿವೆಯನ್ನು ಹೊರಗೆ ನಿಲ್ಲಿಸಿತು: ಗಾಲಿಕುರ್ಚಿ ಬಳಸುವ ಇಸ್ರೇಲಿನ ಆಗಿನ ಇಂಧನ ಸಚಿವೆ ಕರೀನ್ ಎಲ್ಹರಾರ್ ನವೆಂಬರ್ 1ರಂದು ಬಾಗಿಲವರೆಗೆ ಬಂದರೂ, ಗಾಲಿಕುರ್ಚಿ ಹತ್ತುವಂಥ ವಾಹನವಿಲ್ಲದೆ ಎಡಿನ್‌ಬರೊದ ಹೋಟೆಲಿಗೆ ಮರಳಬೇಕಾಯಿತು. ಭೂಮಿಯ ಭವಿಷ್ಯ ಚರ್ಚಿಸುವ ಜಾಗಕ್ಕೆ ಕೊನೆಯ ಸ್ವಲ್ಪ ದೂರದ ದಾರಿ ಮಾಡಲಾಗಲಿಲ್ಲ. ಮರುದಿನ ಆಕೆ ಒಳಗೆ ಹೋದರು, ಬ್ರಿಟನ್ನಿನ ಪ್ರಧಾನಿ ಕ್ಷಮೆ ಕೇಳಿದರು.

ಇನ್ನುಳಿದದ್ದು ಅತಿಥಿ ಸತ್ಕಾರದ ಸಮರ್ಥನೆ. ನೆಂಟರು ಬಂದಾಗ ಪೆಟ್ಟಿಗೆಯೊಳಗಿನ ಜಮಖಾನೆ ಹೊರಗೆ ಬರುವುದು ನಮ್ಮಲ್ಲೂ ಉಂಟು, ತಪ್ಪಲ್ಲ. ಆದರೆ ಜಮಖಾನೆಯನ್ನು ನೋಡಿಬಿಟ್ಟ ಮನೆಮಕ್ಕಳು ನಾಳೆಯೂ ಅದನ್ನು ಕೇಳುತ್ತಾರೆ, ಕೇಳಬೇಕು. 2022ರ ಜನವರಿ 31ರಿಂದ ಸ್ಕಾಟ್ಲೆಂಡಿನಲ್ಲಿ 22 ತುಂಬದ ಮಕ್ಕಳಿಗೂ ಯುವಕರಿಗೂ ಬಸ್ ಪ್ರಯಾಣ ಉಚಿತವಾಯಿತು. ಸಬ್‌ವೇ ಹತ್ತಬೇಕೆಂದರೆ ಅವರು ಬೇರೆ ಟಿಕೆಟ್ ಕೊಳ್ಳಬೇಕು.