ಅಣ್ಣಾವ್ರ ಕಾಡಿಗೆ ದಢೇಸುಗೂರಿನ ದಾರಿ

ಸಿಂಧನೂರು ಸೀಮೆಯ ಹುಡುಗರು ದಟ್ಟ ಕಾಡು ಕಂಡಿರೋದು ಹೆಚ್ಚಾಗಿ ಬೆಳ್ಳಿತೆರೆ ಮೇಲೇ! ಸುತ್ತ ಕಾಲುವೆ ನೀರು, ಭತ್ತದ ಗದ್ದೆ. ಆದರೆ ದಢೇಸುಗೂರಿನ ತುಂಗಭದ್ರಾ ಸೇತುವೆ ದಾಟಿದರೆ ಕಾಡಿನ ದಾರಿ ತೆರೆದೇ ಇದೆ.

ಸಿರುಗುಪ್ಪ, ಕಂಪ್ಲಿ ಆದ ಮೇಲೆ ಮೊದಲ ನಿಲುಗಡೆ ದರೋಜಿ ಕರಡಿಧಾಮ. ಸಂಜೆ ಬಂಡೆಗಳ ಸಂದಿಯಿಂದ ಜಾಂಬವಂತನ ವಂಶದವರು ಇಳಿದು ಬರುತ್ತಾರೆ, ಗೋಪುರದಿಂದಲೇ ನೋಡಿ. ಮುಂದೆ ಹೊಸಪೇಟೆ, ಆಮೇಲೆ ಚಿತ್ರದುರ್ಗ. ‘ನಾಗರಹಾವು’ (1972) ಚಿತ್ರದ ರಾಮಾಚಾರಿಯ ಕೋಟೆ ಹತ್ತದೆ ಹೋಗೋದುಂಟೇ? ಮೈಸೂರು, ನಂಜನಗೂಡು, ಗುಂಡ್ಲುಪೇಟೆ... ಬಂತು ಬಂಡೀಪುರ!

1973ರಲ್ಲಿ ಅಣ್ಣಾವ್ರು ‘ಗಂಧದ ಗುಡಿ’ಯ ಅರಣ್ಯಾಧಿಕಾರಿಯಾದರು. ಅದೇ ವರ್ಷ ಬಂಡೀಪುರ ಹುಲಿ ಯೋಜನೆಗೆ ಸೇರಿತು. ನಾಡಿನ ಕಾಡುಗಳನ್ನು ಸುತ್ತಿ ಅಪ್ಪು ಮಾಡಿದ ‘ಗಂಧದ ಗುಡಿ’, ಅವರು ಅಗಲಿದ ಮರುವರ್ಷ, 2022ರಲ್ಲಿ, ತೆರೆಗೆ ಬಂತು.

ಇಲ್ಲಿ ಮಾತ್ರ ಹೀರೋಗಿರಿ ನಡೆಯದು ಗೆಳೆಯರೇ! ರಾತ್ರಿ ಗಾಡಿಗಳಿಗೆ ಸಿಕ್ಕು ಪ್ರಾಣಿಗಳು ಸಾಯುತ್ತಿದ್ದವು. ಅದಕ್ಕೇ 2009ರಿಂದ ಕಾಡಿನ ಹೆದ್ದಾರಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬೀಗ. ಹಗಲಲ್ಲೂ ಹಾರ್ನ್ ಬೇಡ, ಆನೆ ಕಂಡಲ್ಲಿ ಇಳಿದು ಸೆಲ್ಫಿ ಬೇಡ. ಅಣ್ಣಾವ್ರ ಅಭಿಮಾನಿ ಯಾರು ಅಂತ ಆ ಕಾಡಿನ ತಿರುವಿನಲ್ಲಿ, ನೀವು ವೇಗ ಇಳಿಸಿದಾಗಲೇ ಗೊತ್ತಾಗ್ಲಿ!