ಕಡೆಗೆ ಹೊರಗೆ ಬರ್ತಾನಾ?

ಜೈಲಿನ ಕಥೆಯಿರುವ ಪುಸ್ತಕ ಕೈಯಲ್ಲಿ ಕಂಡರೆ ಸಾಕು, ಜನ ಕೇಳುವುದು ಒಂದೇ ಪ್ರಶ್ನೆ: "ಕಡೆಗೆ ಹೊರಗೆ ಬರ್ತಾನಾ?" ಯಾಕೆ ಒಳಗೆ ಹೋದ, ಒಳಗೆ ಏನು ಉಂಡ, ಯಾರ ಪಕ್ಕ ಚಾಪೆ ಹಾಸಿಕೊಂಡ ಎಂದು ಯಾರೂ ವಿಚಾರಿಸುವುದಿಲ್ಲ. ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ. ಕಥೆಯಲ್ಲಿ ದೇವರೂ ಸೇರಿಕೊಂಡಿದ್ದರಂತೂ ಮುಗಿಯಿತು, ಉತ್ತರ ತಮಗೆ ಮೊದಲೇ ಗೊತ್ತು ಎನ್ನುವ ನಗು ಬೇರೆ.

ನಮ್ಮ ಮರೋಳದಲ್ಲಿ, ಅಂದರೆ ಅಂಧೇರಿ ಪೂರ್ವದಲ್ಲಿ ವಿಮಾನ ನಿಲ್ದಾಣದ ಬೆನ್ನಿಗೆ, ಮಂಗಳೂರಿನ ಕ್ರೈಸ್ತರು ಬಹಳ. ಮನೆಮಾತು ಕೊಂಕಣಿ, ಬೀದಿಯ ಮಾತು ಹಿಂದಿ, ಬೋರ್ಡುಗಳೆಲ್ಲ ಮರಾಠಿ. ಆದರೆ ಹಳಬರು ಓದುವುದು ಕನ್ನಡ ಲಿಪಿಯಲ್ಲಿ. 1938ರಲ್ಲಿ ಮಂಗಳೂರಿನಲ್ಲಿ ಶುರುವಾದ 'ರಾಕ್ಣೊ' ಇರಲಿ, ಮುಂಬಯಿಯಿಂದಲೇ ಹೊರಟ 'ದಿವೊ' ಇರಲಿ, ಅಕ್ಷರ ನಮ್ಮದೇ. ನಮ್ಮ ಕಟ್ಟಡದ ಒಬ್ಬ ಬಾಯಿ ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಕತ್ತರಿಸಿ, ದಾರ ಹಾಕಿ ಹೊಲಿದು, ಕಪಾಟಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದರು. ಬೆಳ್ಳಿ ಬಂಗಾರ ಇಡುವ ಜಾಗ ಅದು.

ಈ ಓದುಗರ ನಡುವೆ ಸೆರೆಯ ಕಥೆಗೆ ಬೇರೆಯೇ ತೂಕ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಬದುಕಿ ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ. ಎಷ್ಟು ಜನ ಎಂಬ ಲೆಕ್ಕದಲ್ಲಿ ಚರಿತ್ರಕಾರರಿಗೆ ಒಮ್ಮತವಿಲ್ಲ. ವಿ.ಜೆ.ಪಿ. ಸಲ್ಡಾನ್ಹಾ ಆ ಸೆರೆವಾಸದ ಕಾಲವನ್ನೇ ಹಿಡಿದು ಕೊಂಕಣಿಯಲ್ಲಿ ಕಾದಂಬರಿಗಳನ್ನು ಬರೆದರು, 'ಬೆಳ್ತಂಗಡಿಚೊ ಬಾಲ್ತಜಾರ್' ಅವುಗಳಲ್ಲಿ ಒಂದು. ಇಂಥ ಪುಸ್ತಕಗಳ ಮೇಲೆ ನಮ್ಮ ಕಟ್ಟಡದ ಮೆಟ್ಟಿಲಲ್ಲಿ ನಡೆದ ಚರ್ಚೆಗಳನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹುಡುಗರ ದೂರು: "ದೇವರು ಜಾಸ್ತಿಯಾಯ್ತು. ಕಷ್ಟ ಬಂದ ಕೂಡಲೇ ಪ್ರಾರ್ಥನೆ, ಪ್ರಾರ್ಥನೆಯಾದ ಕೂಡಲೇ ಬಾಗಿಲು ಓಪನ್. ಮತ್ತೆ ಸಸ್ಪೆನ್ಸ್ ಎಲ್ಲಿ?" ಬಾಯಿಯ ಉತ್ತರ: "ಅಲ್ಲ ಮಾರಾಯ, ಜೈಲಿಗೆ ಹೋಗಿಯೂ ದೇವರನ್ನು ಕರೆಯದವ ಇದ್ದರೆ ಅದು ಕಟ್ಟುಕಥೆ." ಇದೇ ಬಾಯಿ ಯಾವ ಪುಸ್ತಕ ಕೊಟ್ಟರೂ ಮೊದಲು ತೆರೆಯುವುದು ಕೊನೆಯ ಪುಟ. ನಾಯಕ ಬದುಕಿದ್ದಾನೆಂದು ಖಾತ್ರಿಯಾದ ಮೇಲೇ ಒಂದನೇ ಪುಟ. ನಾನು ಆಕ್ಷೇಪಿಸಿದರೆ, "ಕೊನೆ ಗೊತ್ತಿದ್ದರೆ ನಿಧಾನಕ್ಕೆ ಓದಬಹುದು ಮಾರಾಯ್ರೆ" ಎಂದರು.

ಬಾಯಿಯ ಮಾತೇ ಸರಿ. ಸೆರೆಮನೆಯ ಕಥೆಗಳಲ್ಲಿ ಬಹಳ ಹಳೆಯದೊಂದು ಬೈಬಲಿನ 'ಅಪೊಸ್ತಲರ ಕೃತ್ಯಗಳು' ಭಾಗದಲ್ಲಿದೆ. ಫಿಲಿಪ್ಪಿಯ ಸೆರೆಮನೆ. ಪೌಲ, ಸೀಲ ಇಬ್ಬರಿಗೂ ಛಡಿಯೇಟು ಬಿದ್ದಿದೆ, ಕಾಲಿಗೆ ಕೋಳ ಬಿಗಿದಿದೆ. ನಡುರಾತ್ರಿ ಅವರು ಹಾಡುತ್ತಿರುವಾಗ ನೆಲ ನಡುಗಿ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತವೆ, ಸಂಕೋಲೆಗಳು ಕಳಚುತ್ತವೆ. ನಮ್ಮ ಹುಡುಗರ ದೂರು ಅಲ್ಲಿಗೆ ಮುಗಿಯುತ್ತದೆ, ಕಥೆ ಅಲ್ಲಿಂದ ಶುರುವಾಗುತ್ತದೆ. ಬಾಗಿಲು ತೆರೆದಿದ್ದರೂ ಇಬ್ಬರೂ ಓಡುವುದಿಲ್ಲ. ಕೈದಿಗಳೆಲ್ಲ ಪರಾರಿಯಾದರೆಂದು ಕಾವಲುಗಾರ ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳಲು ಹೊರಟಾಗ, ಬೇಡ, ನಾವೆಲ್ಲ ಇಲ್ಲೇ ಇದ್ದೇವೆ ಎಂದು ಪೌಲ ಕತ್ತಲಿನಿಂದ ಕೂಗುತ್ತಾನೆ. ಆ ಕಾವಲುಗಾರ ಅದೇ ರಾತ್ರಿ ಅವರ ಗಾಯ ತೊಳೆದು ಊಟ ಹಾಕುತ್ತಾನೆ. ನೆಲ ನಡುಗಿದ್ದಕ್ಕಿಂತ ಗಾಯ ತೊಳೆದದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಬಾಗಿಲು ತೆರೆಯುವುದೊಂದೇ ಕಥೆಯಲ್ಲ ಎಂಬುದು ಇಂಗ್ಲಿಷ್ ಲೇಖಕ ಜಾನ್ ಬನ್ಯನ್ನನಿಗೂ ಗೊತ್ತಿತ್ತು. ಅಪ್ಪಣೆಯಿಲ್ಲದೆ ಧರ್ಮಬೋಧನೆ ಮಾಡಿದ್ದಕ್ಕೆ ಅವನು ಬೆಡ್‌ಫರ್ಡಿನ ಜೈಲಿನಲ್ಲಿ ಸುಮಾರು 12 ವರ್ಷ ಕಳೆದ. ಹೆಂಡತಿ ಮಕ್ಕಳ ಹೊಟ್ಟೆಗಾಗಿ ಒಳಗೇ ಕೂತು ಬೂಟಿನ ಲಾಡಿಗಳನ್ನು ಮಾಡಿ ಮಾರಿಸಿದ. 1678ರಲ್ಲಿ ಅಚ್ಚಾದ ಅವನ ಕೃತಿಯನ್ನು ಬಾಸೆಲ್ ಮಿಶನಿನವರು 'ಯಾತ್ರಿಕನ ಸಂಚಾರ' ಎಂದು ಕನ್ನಡಕ್ಕೆ ತಂದರು. ಅದರಲ್ಲಿ ಯಾತ್ರಿಕ ನಿರಾಶೆಯೆಂಬ ದೈತ್ಯನ ಕೋಟೆಯಲ್ಲಿ ಸೆರೆಯಾಗಿ, ದಿನಗಟ್ಟಲೆ ಪೆಟ್ಟು ತಿಂದ ಮೇಲೆ, ಬೀಗದ ಕೈ ತನ್ನ ಎದೆಯಲ್ಲೇ ಇದೆಯೆಂದು ನೆನಪಿಸಿಕೊಳ್ಳುತ್ತಾನೆ. "ಅಷ್ಟು ದಿನ ಮರೆತಿದ್ದನಾ?" ಎಂದು ಸಿಟ್ಟಾಗುವ ಓದುಗರಿದ್ದಾರೆ. ಸೆರೆಯಲ್ಲಿದ್ದವನೇ ಬರೆದದ್ದು, ನಂಬೋಣ.

ಅಂಧೇರಿಯಲ್ಲಿ ಕೂತು ಈ ಮಾತು ಆಡುವಾಗ ಮನಸ್ಸು ನವಿ ಮುಂಬಯಿಯ ತಳೋಜಾ ಜೈಲಿನತ್ತ ಹೋಗದೆ ಇರುವುದಿಲ್ಲ. ಸಾಮಾಜಿಕ ಕಾರ್ಯಕರ್ತ ವರ್ನನ್ ಗೊನ್ಸಾಲ್ವಿಸ್ ಅಂಧೇರಿಯವರು. 2018ರ ಆಗಸ್ಟಿನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಪೊಲೀಸರು ಅವರ ಮನೆ ಶೋಧಿಸಿ ಬಂಧಿಸಿದರು. ಮರುವರ್ಷ ಜಾಮೀನಿನ ವಿಚಾರಣೆಯಲ್ಲಿ, ಯುದ್ಧ ಮತ್ತು ಶಾಂತಿಯ ಹೆಸರಿದ್ದ ಒಂದು ಪುಸ್ತಕ ಮನೆಯಲ್ಲಿ ಯಾಕಿತ್ತು ಎಂಬ ಪ್ರಶ್ನೆ ಹೈಕೋರ್ಟಿನಲ್ಲಿ ಬಂದು ದೇಶವೆಲ್ಲ ಮಾತಾಡಿಕೊಂಡಿತು. ಅದು ಟಾಲ್‌ಸ್ಟಾಯ್ ಬರೆದದ್ದಲ್ಲ, ಜಂಗಲ್‌ಮಹಲಿನ ಬಗೆಗಿನ ಬೇರೆ ಪುಸ್ತಕ. ಟಾಲ್‌ಸ್ಟಾಯ್ ಕೃತಿ ಶ್ರೇಷ್ಠವೆಂದು ತಮಗೆ ಗೊತ್ತಿದೆ ಎಂದು ನ್ಯಾಯಮೂರ್ತಿಗಳೂ ಮರುದಿನ ಸ್ಪಷ್ಟಪಡಿಸಿದರು. ಪಿ.ಜಿ. ವೋಡ್‌ಹೌಸನ ನಗೆಬರಹವನ್ನು ಅದೇ ಪ್ರಕರಣದ ಗೌತಮ್ ನವಲಖಾ ಅವರಿಗೆ ತಳೋಜಾ ಜೈಲಿನವರು ಭದ್ರತೆಯ ಕಾರಣ ಕೊಟ್ಟು ತಲುಪಿಸದಿದ್ದಾಗ, ಹೈಕೋರ್ಟೇ 2022ರಲ್ಲಿ ಅದನ್ನು ಹಾಸ್ಯಾಸ್ಪದ ಎಂದಿತು.

ಅದೇ ಪ್ರಕರಣದಲ್ಲಿ ಫಾದರ್ ಸ್ಟ್ಯಾನ್ ಸ್ವಾಮಿಯವರನ್ನು 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಬಂಧಿಸಿ ತಳೋಜಾಕ್ಕೆ ತಂದರು. ಬೆಂಗಳೂರಿಗೆ ಅವರು ಹೊರಗಿನವರಲ್ಲ. ಅಲ್ಲಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿಗೆ 1975ರಿಂದ 1986ರವರೆಗೆ ನಿರ್ದೇಶಕರಾಗಿದ್ದರು. ಬಂಧನವಾದಾಗ ವಯಸ್ಸು 83, ಪಾರ್ಕಿನ್ಸನ್ ಕಾಯಿಲೆ. ಕೈ ನಡುಗಿ ಲೋಟ ನಿಲ್ಲುತ್ತಿರಲಿಲ್ಲ. ನೀರು ಕುಡಿಯಲು ಒಂದು ಸ್ಟ್ರಾ, ಒಂದು ಸಿಪ್ಪರ್ ಕಪ್ ಬೇಕೆಂದು ನವೆಂಬರಿನಲ್ಲಿ ಕೋರ್ಟಿಗೆ ಅರ್ಜಿ ಹಾಕಿದರು. ತನಿಖಾ ಸಂಸ್ಥೆ ಉತ್ತರ ಕೊಡಲು 20 ದಿನಗಳ ಸಮಯ ಕೇಳಿತು. ಯಾವ ಕಾದಂಬರಿಕಾರನೂ ಇದನ್ನು ಕಲ್ಪಿಸಿ ಬರೆಯುತ್ತಿರಲಿಲ್ಲ. ಬರೆದಿದ್ದರೆ ಅತಿಯಾಯಿತು ಎಂದು ಓದುಗರೇ ಹೇಳುತ್ತಿದ್ದರು.

ಜೈಲಿನಿಂದ ಅವರು ಗೆಳೆಯರಿಗೆ ಬರೆದ ಕಾಗದವನ್ನು ನಾನು ಎಷ್ಟೋ ಸಲ ಓದಿದ್ದೇನೆ. ಅದರಲ್ಲಿ ದೂರಿಲ್ಲ. ಅದೇ ಪ್ರಕರಣದ ಸಹ ಆರೋಪಿ ಅರುಣ್ ಫೆರೇರಾ ತಿಂಡಿ, ಊಟಕ್ಕೆ ಸಹಾಯ ಮಾಡುತ್ತಾರೆ, ವರ್ನನ್ ಸ್ನಾನಕ್ಕೆ ಸಹಾಯ ಮಾಡುತ್ತಾರೆ. ಕೋಣೆಯ ಇನ್ನಿಬ್ಬರು ಕೈದಿಗಳು ರಾತ್ರಿಯ ಊಟ ಮಾಡಿಸುತ್ತಾರೆ, ಬಟ್ಟೆ ಒಗೆಯುತ್ತಾರೆ, ಮೊಣಕಾಲು ತಿಕ್ಕುತ್ತಾರೆ. ತೀರಾ ಬಡ ಮನೆಯವರು. ಕಾಗದ ಕೇಳುವುದು ಇಷ್ಟೇ: ನಿಮ್ಮ ಪ್ರಾರ್ಥನೆಯಲ್ಲಿ ಇವರೆಲ್ಲರನ್ನೂ ನೆನೆಯಿರಿ. ದೇವರು ಜಾಸ್ತಿಯಾಯ್ತು ಎನ್ನುವ ನಮ್ಮ ಹುಡುಗರಿಗೆ ಇದನ್ನು ಓದಿ ಹೇಳಿದ್ದೆ. ಯಾರೂ ತಿರುಗಿ ಮಾತಾಡಲಿಲ್ಲ.

2021ರ ಮೇ ತಿಂಗಳಲ್ಲಿ ವಿಡಿಯೋ ಮೂಲಕ ಹೈಕೋರ್ಟಿನ ಮುಂದೆ ಬಂದ ಅವರು, ತಳೋಜಾಕ್ಕೆ ಬಂದಾಗ ತಾನೇ ನಡೆಯುತ್ತಿದ್ದೆ, ತಾನೇ ಸ್ನಾನ ಮಾಡುತ್ತಿದ್ದೆ, ಒಂದೊಂದಾಗಿ ಎಲ್ಲ ಹೋಯಿತು ಎಂದರು. ಬೇಕಾದದ್ದು ರಾಂಚಿಯಲ್ಲಿ ತಮ್ಮವರ ನಡುವೆ ಇರುವುದು ಮಾತ್ರ. ಕೋರ್ಟಿನ ಆದೇಶದಂತೆ ಮೇ 28ರಂದು ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸೇರಿಸಿದರು. ಅಂಧೇರಿಯಿಂದ ಸ್ಲೋ ಲೋಕಲ್ ಹಿಡಿದರೆ ನಾಲ್ಕನೇ ಸ್ಟೇಷನ್ ಬಾಂದ್ರಾ. ಜುಲೈ 5ರಂದು, ವಿಚಾರಣೆ ಆರಂಭವಾಗುವ ಮೊದಲೇ, ಆರೋಪಿಯಾಗಿಯೇ ಅವರು ತೀರಿಕೊಂಡರು. ಜಾಮೀನು ಅರ್ಜಿ ಕೈಗೆತ್ತಿಕೊಂಡಿದ್ದ ಹೈಕೋರ್ಟಿಗೆ ಆಸ್ಪತ್ರೆಯ ವೈದ್ಯರೇ ಸುದ್ದಿ ತಿಳಿಸಿದರು. ವರ್ನನ್ ಅವರಿಗೆ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿದ್ದು 2023ರ ಜುಲೈಯಲ್ಲಿ.

ಮೊಣಕಾಲು ತಿಕ್ಕಿದ ಆ ಇಬ್ಬರು ಬಡ ಕೈದಿಗಳನ್ನು ನಾಯಕರನ್ನಾಗಿ ಮಾಡಿ ಯಾರಾದರೂ ಒಂದು ಕಾದಂಬರಿ ಬರೆಯಬೇಕು. ಕನ್ನಡದಲ್ಲಿ ಬರೆದರೂ ಸರಿ, ಕನ್ನಡ ಲಿಪಿಯ ಕೊಂಕಣಿಯಲ್ಲಿ ಬರೆದರೂ ಸರಿ. ಮರೋಳದಲ್ಲಿ ಓದುವವರಿದ್ದಾರೆ.